ವಕ್ಕಲೇರಿಗೊಂದು ಪಿಜ್ಜಾ

ಕೋಲಾರದಲ್ಲಿ ಒಳ್ಳೆ ಪಿಜ್ಜಾ ಎಲ್ಲಿ ಸಿಗುತ್ತೆ ಅಂತ ಕೇಳಿದೋರಿಗೆಲ್ಲ ನಾನು ಹೇಳೋದು ಒಂದೇ ಮಾತು. ಜೇಬು ಗಟ್ಟಿ ಇದ್ರೆ ಹೈವೇ ಪಕ್ಕದ ಗಾಜಿನ ಅಂಗಡಿಗೆ ಹೋಗಿ, ಅಲ್ಲಿ ಎಸಿ ಗಾಳಿಗೂ ಸೇರಿಸಿ ಬಿಲ್ ಹಾಕ್ತಾರೆ. ಇಲ್ಲಾಂದ್ರೆ ನಮ್ಮ ಮುನಿಲಕ್ಷ್ಮಕ್ಕನಿಗೆ ಫೋನ್ ಮಾಡಿ. ತೊಂಬತ್ತು ರೂಪಾಯಿ, ಬಿಸಿಬಿಸಿ, ಮನೆ ಬಾಗಿಲಿಗೆ. ತರೋನು ನಾನೇ, ಆಟೋ ಆಂಜಿ. ಸ್ಕೂಲ್ ಮಕ್ಕಳನ್ನ ಬಿಟ್ಟು ಬಂದ್ಮೇಲೆ ನನ್ನ ಆಟೋ ಸುಮ್ನೆ ನಿಂತಿರ್ತಿತ್ತು. ಈಗ ಹಿಂದಿನ ಸೀಟಲ್ಲಿ ಪಿಜ್ಜಾ ಡಬ್ಬಿಗಳು ಕೂತ್ಕೊಂಡು ಹೋಗ್ತವೆ. ಮಕ್ಕಳಿಗಿಂತ ವಾಸಿ, ಗಲಾಟೆ ಮಾಡಲ್ಲ.

"ಆಪ್‌ನಲ್ಲಿ ಬುಕ್ ಮಾಡ್ಬಹುದಾ?" ಅಂತಾರೆ ಕೆಲವರು. ಮಾಡ್ರಪ್ಪ, ಯಾರು ಬೇಡ ಅಂದ್ರು? ಊರಾಚೆ ಕೆರೆ ದಾಟಿದ್ರೆ ಆ ಆಪ್‌ನೋರು ಕಾಲಿಡಲ್ಲ. ನಾನು ಹೋಗ್ತೀನಿ. ಒಂದು ದಿಕ್ಕಿಗೆ ನಾಲ್ಕು ಆರ್ಡರ್ ಬಿದ್ರೆ ಸಾಕು, ಥರ್ಮಾಕೋಲ್ ಪೆಟ್ಟಿಗೇಲಿಟ್ಟು, ಮೇಲೊಂದು ಕಂಬಳಿ ಹೊದಿಸಿ ಹೊರಟ್ಬಿಡ್ತೀನಿ. ಹಳ್ಳಿಯೋರಿಗೆ ಪಿಜ್ಜಾ ತಿನ್ನೋ ಆಸೆ ಇರಬಾರದು ಅಂತ ಏನಾದ್ರೂ ಕಾನೂನಿದೆಯಾ?

ಅಕ್ಕ ಪಿಜ್ಜಾ ಮಾಡೋದು ಕಲಿತಿದ್ದು ಗಾಜಿನ ಅಂಗಡಿಯಂಥದ್ದೇ ಒಂದರಲ್ಲಿ. ಸೇರಿದ್ದು ಪಾತ್ರೆ ತೊಳೆಯೋಕೆ. ಹಿಟ್ಟು ನಾದೋನು ಬರದೇ ಇದ್ದ ದಿನ, "ಚಪಾತಿ ಹಿಟ್ಟು ಕಲಸ್ತೀಯಲ್ಲಮ್ಮಾ, ಬಾ" ಅಂತ ಕರೆದ್ರಂತೆ. ಆಮೇಲೆ ಪಾತ್ರೆ ಹತ್ರ ಬಿಡಲೇ ಇಲ್ಲ. ಆ ಅಂಗಡಿ ಎತ್ತಿಬಿಟ್ಟಾಗ ಅಕ್ಕ ಯಾವುದೋ ಬೇಕರಿಯ ಹಳೇ ಓವನ್ ತಗೊಂಡು ಮನೆ ಮುಂದಿನ ಶೀಟ್ ಕೆಳಗೆ ಇಟ್ಕೊಂಡ್ಳು. ಗಂಡ ನರಸಿಂಹಪ್ಪ ಟೊಮೇಟೊ ಮಂಡಿಯಲ್ಲಿ ಹಮಾಲಿ, ಬರ್ತಾ ಹಣ್ಣು ಹೊತ್ಕೊಂಡು ಬರ್ತಾನೆ. ಬಾಟಲಿಯಿಂದ ಕೆಂಪು ಬಣ್ಣ ಸುರಿಯೋಳಲ್ಲ ಅಕ್ಕ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಟೊಮೇಟೊನ ಗೊಜ್ಜಿನ ಥರ ಬತ್ತಿಸ್ತಾಳೆ. ಅದರ ವಾಸನೆ ಬೀದಿ ಕೊನೆಗೆ ಬಂದು ಜನರನ್ನ ಎಳ್ಕೊಂಡು ಬರುತ್ತೆ.

ಗಂಡ ಚಿನ್ನದಂಥೋನು, ಮಗಳು ಅನಿತ ನರ್ಸು, ವ್ಯಾಪಾರ ಪರವಾಗಿಲ್ಲ. ಆದ್ರೂ ಅಕ್ಕನಿಗೆ ಒಂದೇ ಒಂದು ಕೊರಗು. ತವರುಮನೆ ಇರೋದು ಇಲ್ಲೇ ವಕ್ಕಲೇರಿಯಲ್ಲಿ, ಹೆತ್ತ ತಾಯಿ ಇನ್ನೂ ಇದ್ದಾರೆ, ಆದ್ರೆ ಅಕ್ಕ ಆ ಮನೆಗೆ ಹೋಗೋ ಹಾಗಿಲ್ಲ.

ಆಗಿದ್ದಿಷ್ಟು. ಅಕ್ಕನ ಅಣ್ಣ ಚನ್ನರಾಯಪ್ಪನೋರು ತಮ್ಮ ಮಗ ಚಂದ್ರುಗೆ ಅನಿತಾನ ಕೇಳಿದ್ರು. ನಮ್ಮ ಕಡೆ ಸೋದರತ್ತೆ ಮಗಳು ಅಂದ್ರೆ ಕೇಳೋದೇನು ಬಂತು, ತೊಟ್ಟಿಲಲ್ಲೇ ಮಾತಾಗಿರುತ್ತೆ. ಅನಿತ ಒಲ್ಲೆ ಅಂದ್ಳು. ಚಂದ್ರುಗೂ ಮನಸ್ಸಿರಲಿಲ್ಲ, ಪಾಪ, ಅಪ್ಪನ ಎದುರಿಗೆ ಬಾಯಿ ಬಿಡಲಿಲ್ಲ. ಕೊನೆಗೆ ವೀಳ್ಯದೆಲೆ ತಟ್ಟೆ ಮುಂದೆ, ನೆಂಟರೆಲ್ಲ ಕೂತಿರುವಾಗ ಅಕ್ಕನೇ "ಆಗಲ್ಲ ಅಣ್ಣಾ" ಅಂದ್ಬಿಟ್ಳು. ಚನ್ನರಾಯಪ್ಪನೋರಿಗೆ ಎಲ್ಲಿತ್ತೋ ಸಿಟ್ಟು! ಪಕ್ಕದಲ್ಲಿ ಕೂತಿದ್ದ ತಾಯಿ ಮುನಿಗಂಗಮ್ಮನೋರ ತಲೆ ಮೇಲೆ ಕೈಯಿಟ್ಟು, "ಇವಳು ನನ್ನ ಹೊಸಿಲು ದಾಟಿದ್ರೆ, ಇವಳು ಕೊಟ್ಟಿದ್ದನ್ನ ಈ ಮನೆಯೋರು ಒಂದು ತುತ್ತು ಮುಟ್ಟಿದ್ರೆ, ನಮ್ಮಮ್ಮನಾಣೆ" ಅಂದ್ರು.

ನೀವು ನಗಬಹುದು. ನಗಿ. ತಾಯಿ ತಲೆ ಮುಟ್ಟಿ ಆಣೆ ಮಾಡಿದ ಮಗ ಅದನ್ನ ಮುರಿದ್ರೆ ತಗುಲೋದು ತಾಯಿಗೆ ಅಂತ ನಮ್ಮ ಜನ ನಂಬ್ತಾರೆ. ಸಿಟ್ಟು ವರ್ಷದೊಳಗೆ ಇಳಿದುಹೋಯ್ತು. ಚಂದ್ರುಗೆ ಮಾಲೂರಿನ ಹುಡುಗಿ ಸಿಕ್ಕಿ ಮಗುನೂ ಆಯ್ತು, ಅನಿತಾಗೆ ಬೇರೆ ಕಡೆ ಮದುವೆ ಆಯ್ತು, ಅವರಿಬ್ರೂ ಫೋನಲ್ಲಿ ಹರಟೆ ಹೊಡ್ಕೊಂಡು ನಗ್ತಾರೆ. ಆಣೆ ಮಾತ್ರ ಅಲ್ಲೇ ಕೂತಿದೆ. "ನನಗೇನೂ ಆಗಲ್ಲ, ಮಗಳನ್ನ ಕರ್ಸೋ" ಅಂತ ಅಜ್ಜಿ ಎಷ್ಟು ಸಲ ಬೇಡ್ಕೊಂಡ್ರೂ ಮಗನಿಗೆ ಧೈರ್ಯ ಇಲ್ಲ. ಮೊದಮೊದಲು ಅಜ್ಜಿ ಆಸ್ಪತ್ರೆಗೆ ಅಂತ ಕೋಲಾರಕ್ಕೆ ಬಂದಾಗ ಅಕ್ಕ ಓಡಿಹೋಗಿ ನೋಡ್ತಿದ್ಳು. ಆಮೇಲೆ ಅಜ್ಜಿಗೆ ಕಾಲು ಬಿದ್ದೋಯ್ತು, ಹಾಸಿಗೆ ಹಿಡಿದ್ರು. ಫೋನಲ್ಲಿ ಮುಖ ತೋರಿಸೋಣ ಅಂದ್ರೆ ಅಜ್ಜಿಗೆ ಕಣ್ಣು ಮಂಜು, ಕಿವಿ ಅರ್ಧ ಮಂದ, ಫೋನಿನ ಮಾತು ಹತ್ತಲ್ಲ.

"ಅಮ್ಮ ಇರೋ ತನಕ ಆಣೆ ಇರುತ್ತೆ ಕಣೋ ಆಂಜಿ," ಅಂತ ಒಂದಿನ ಹಿಟ್ಟು ನಾದ್ತಾ ಅಂದ್ಳು ಅಕ್ಕ. "ಅಮ್ಮ ಹೋದ್ಮೇಲೆ ಆ ಮನೇಲಿ ನನಗೇನು ಕೆಲಸ?" ನಾನು ಆಟೋ ಒರೆಸೋ ನೆಪ ಮಾಡ್ಕೊಂಡು ಎದ್ದು ಹೋದೆ.

ಹೋದ ವರ್ಷ ಮಾವಿನಕಾಲ ಮುಗೀತಾ ಬಂದಾಗ ಚಂದ್ರು ಫೋನ್ ಮಾಡ್ದ. "ಅತ್ತೆ, ಒಂದು ಪಿಜ್ಜಾ ಬೇಕು. ಖಾರ ಕಮ್ಮಿ, ಅಂಚು ಮೆತ್ತಗಿರ್ಲಿ. ದುಡ್ಡು ಅಪ್ಪ ಆಂಜಿ ಕೈಗೆ ಕೊಡ್ತಾರೆ."

ಅಕ್ಕನಿಗೆ ತಕ್ಷಣ ಗೊತ್ತಾಯ್ತು. ಅಂಚು ಮೆತ್ತಗೆ ಯಾರಿಗೆ ಬೇಕು? ಹಲ್ಲಿಲ್ಲದೋರಿಗೆ. ಆ ಮನೇಲಿ ಹಲ್ಲಿಲ್ಲದೋರು ಒಬ್ರೇ. ಅವತ್ತು ಅಕ್ಕ ಹಿಟ್ಟಿಗೆ ನೀರಿನ ಬದಲು ಹಾಲು ಹಾಕಿ ಕಲಸಿದ್ಳು, ಓವನ್ನಿಂದ ತೆಗೆದ ಮೇಲೆ ಅಂಚಿಗೆಲ್ಲ ಬೆಣ್ಣೆ ಸವರಿದ್ಳು. ಹತ್ತು ಜನ ಗಿರಾಕಿಗಳು ಕಾಯ್ತಿದ್ರೂ ಕ್ಯಾರೇ ಅನ್ನಲಿಲ್ಲ. ಆಮೇಲೆ ಪ್ರತಿ ಭಾನುವಾರ ವಕ್ಕಲೇರಿ ಆರ್ಡರ್ ಬರೋಕೆ ಶುರುವಾಯ್ತು.

ನನ್ನ ಪಾಡು ಕೇಳ್ಬೇಡಿ. ಹೋಗಿ ಬಂದ ತಕ್ಷಣ ವಿಚಾರಣೆ.

"ಯಾರು ಬಂದು ತಗೊಂಡ್ರು?"

"ನಿಮ್ಮಣ್ಣ."

"ಏನಂದ?"

"ಏನೂ ಅನ್ನಲಿಲ್ಲ. ದುಡ್ಡು ಕೊಟ್ರು."

"ಮುಖ ಹೆಂಗಿತ್ತು?"

"ಇದ್ದಂಗೇ ಇತ್ತು ಕಣಕ್ಕಾ, ಮೀಸೆ ಸಮೇತ."

"ಲೇ, ನೆಟ್ಟಗೆ ಹೇಳೋ!"

ಅಲ್ಲಿ ಹೋದ್ರೆ ಆ ಮಹಾನುಭಾವರದ್ದು ಇನ್ನೊಂದು ಥರ. ತಂಗಿ ಅನ್ನೋ ಪದ ಬಾಯಿಂದ ಬರಲ್ಲ. "ಅಂಗಡಿ ಹೆಂಗಿದೆ?" ಅಂತ ಕೇಳೋದು. ಒಂದ್ಸಲ ನನಗೂ ರೇಗಿ, "ಅಂಗಡಿ ಚೆನ್ನಾಗಿದೆ ಸ್ವಾಮಿ, ಮೊನ್ನೆ ಅಂಗಡಿಗೆ ಜ್ವರ ಬಂದಿತ್ತು" ಅಂದೆ.

"ಅಯ್ಯಯ್ಯೋ! ಈಗ ವಾಸಿನಾ? ಡಾಕ್ಟ್ರಿಗೆ ತೋರಿಸಿದ್ರಾ?"

"ಯಾರಿಗೆ, ಅಂಗಡಿಗಾ?"

ಅವರು ಆ ಕಡೆ ತಿರುಗಿ ಹಸುವಿಗೆ ಹುಲ್ಲು ಹಾಕೋಕೆ ಹೋದ್ರು. ಹಸು ಮುಂದೆ ಹುಲ್ಲು ರಾಶಿ ಬಿದ್ದಿತ್ತು.

ಅವರ ಹೆಂಡತಿ ವೆಂಕಟರತ್ನಮ್ಮನೋರು ಒಳ್ಳೆ ಜೀವ. ಒಂದು ಭಾನುವಾರ ನನ್ನನ್ನ ಗೋಡೆ ಮರೆಗೆ ಕರೆದು ಮೆಲ್ಲಗೆ ಹೇಳಿದ್ರು: "ಅತ್ತೆ ಏನಂದ್ರು ಗೊತ್ತೇನಪ್ಪ? ಇದು ನಮ್ಮ ಲಕ್ಷ್ಮಿ ಮಾಡೋ ಗೊಜ್ಜಿನ ಹಂಗಿದೆಯಲ್ಲೇ ಅಂದ್ರು. ಅವಳೇ ಮಾಡಿದ್ದು ಅಂತ ನಾವು ಹೇಳಿಲ್ಲ. ಹೇಳಿದ್ರೆ ಈಗಲೇ ಕರ್ಕೊಂಡು ಬನ್ನಿ ಅಂತ ಅಳ್ತಾರೆ." ನಾನು ಬಂದು ಈ ಮಾತನ್ನ ಅಕ್ಕನಿಗೆ ಹೇಳಿದೆ. ಇನ್ನೊಂದ್ಸಲ ಹೇಳು ಅಂದ್ಳು. ಹೇಳಿದೆ. ಸಂಜೆ ಅಂಗಡಿ ಮುಚ್ಚುವಾಗ, "ಅಮ್ಮ ಏನಂದ್ರು ಅಂದೆ?" ಅಂತ ಮತ್ತೆ ಕೇಳಿದ್ಳು.

ಆಮೇಲೆ ಗೌರಿ ಹಬ್ಬ ಬಂತು. ತವರಿಂದ ಹೆಣ್ಣುಮಕ್ಕಳಿಗೆ ಬಾಗಿನ ಬರೋ ದಿನ. ಬೀದಿಯಲ್ಲಿ ಎಲ್ಲರ ಮನೆಗೂ ಅಣ್ಣ ತಮ್ಮಂದಿರು ಮೊರ, ಬಳೆ, ರವಿಕೆ ಕಣ ಹಿಡ್ಕೊಂಡು ಬಂದು ಹೋಗ್ತಿದ್ರು. ಅಕ್ಕ ಬಾಗಿಲ ಕಡೆ ನೋಡಬಾರದು ಅಂತಾನೇ ಓವನ್ ಕಡೆ ಮುಖ ಮಾಡ್ಕೊಂಡು ಬೆಳಗ್ಗೆಯಿಂದ ಕೆಲಸ ಮಾಡಿದ್ಳು. ಮಧ್ಯಾಹ್ನ ಏನನ್ನಿಸ್ತೋ, ಒಂದು ದೊಡ್ಡ ಪಿಜ್ಜಾ ಮಾಡಿ ನನ್ನ ಕೈಗಿಟ್ಳು.

"ವಕ್ಕಲೇರಿಗೆ. ಇವತ್ತು ದುಡ್ಡು ತಗೋಬೇಡ ಕಣೋ. ಹಬ್ಬಕ್ಕೆ ಲಕ್ಷ್ಮಿ ಕೊಟ್ಟು ಕಳಿಸಿದ್ಳು ಅಂತ ಹೇಳು."

ನಾನು ಅಕ್ಷರ ಬಿಡದೆ ಹಂಗೇ ಹೇಳಿದೆ. ಡಬ್ಬಿ ಮೇಲೆ ಕೈಯಿಟ್ಟಿದ್ದ ಚನ್ನರಾಯಪ್ಪನೋರು ಬೆಂಕಿ ಮುಟ್ಟಿದಂಗೆ ಕೈ ಹಿಂದಕ್ಕೆ ತಗೊಂಡ್ರು. "ವಾಪಸ್ ತಗೊಂಡು ಹೋಗು" ಅಂದ್ರು. ನನಗೆ ತಲೆ ಕೆಟ್ಟೋಯ್ತು. ಹಬ್ಬದ ದಿನ ಹೆಣ್ಣುಮಗಳು ಕಳಿಸಿದ್ದನ್ನ ತಿರುಗಿಸಿ ಕಳಿಸ್ತೀರಲ್ಲ, ನಿಮ್ಮದು ಎದೆಯಾ ಕಲ್ಲಾ ಅಂತ ಬಾಯಿಗೆ ಬಂದಂಗೆ ಅಂದೆ. ಅವರು ತಲೆ ತಗ್ಗಿಸಿ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು.

ತಣ್ಣಗಾದ ಡಬ್ಬೀನ ಅಕ್ಕ ನನ್ನ ಕೈಯಿಂದ ತಗೊಂಡ್ಳು. ಮುಚ್ಚಳ ತೆಗೆದು ನೋಡಿ, ಅಲ್ಲೇ ಸ್ಟೂಲ್ ಮೇಲೆ ಕುಸಿದು ಕೂತ್ಳು. "ದುಡ್ಡಿಗೆ ಕೊಟ್ರೆ ತಗೋತಾನೆ, ಪ್ರೀತಿಯಿಂದ ಕೊಟ್ರೆ ತಗೊಳ್ಳಲ್ಲ. ನಾನು ಅವನಿಗೆ ತಂಗಿ ಅಲ್ಲ ಬಿಡು, ಬರೀ ಅಂಗಡಿಯವಳು," ಅಂತ ಸೆರಗಲ್ಲಿ ಮುಖ ಮುಚ್ಕೊಂಡು ಅತ್ಳು. ನರಸಿಂಹಪ್ಪ ಬಂದು ಪಕ್ಕದಲ್ಲಿ ಕೂತ. ಎದ್ದವಳೇ, "ಇನ್ಮೇಲೆ ವಕ್ಕಲೇರಿಗೆ ಪಿಜ್ಜಾ ಇಲ್ಲ" ಅಂದ್ಳು.

ಮುಂದಿನ ಭಾನುವಾರ ಚಂದ್ರು ಫೋನ್ ಬಂದ್ರೆ ಎತ್ತಲಿಲ್ಲ. ಅದರ ಮುಂದಿನ ವಾರನೂ ಎತ್ತಲಿಲ್ಲ. ಅಂಚು ಮೆತ್ತಗೆ ಮಾಡೋ ಕೆಲಸ ಇಲ್ಲದ ಭಾನುವಾರ ಅವಳ ಮುಖ ನೋಡೋಕಾಗ್ತಿರಲಿಲ್ಲ. ಗಿರಾಕಿಗಳ ಮೇಲೆ ಸಿಡುಕಿದ್ಳು, ನನ್ನ ಮೇಲಂತೂ ಹೇಳೋದೇ ಬೇಡ.

ಆಮೇಲೊಂದು ಭಾನುವಾರ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. ಅಕ್ಕನ ಕೈ ಹಿಟ್ಟಾಗಿತ್ತು, ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಹಲೋ, ಪಿಜ್ಜಾ ಅಂಗಡಿನಾ?" ಚನ್ನರಾಯಪ್ಪನೋರ ಗಂಟಲು. "ವಕ್ಕಲೇರಿಗೆ ಒಂದು ಪಿಜ್ಜಾ ಬೇಕಾಗಿತ್ತು. ಮನೇಲಿ ವಯಸ್ಸಾದೋರು ಒಬ್ರಿದಾರೆ. ಅನ್ನ, ಮುದ್ದೆ ಏನೂ ಸೇರ್ತಾ ಇಲ್ಲ. ಅದನ್ನೇ ಕೇಳ್ತಾರೆ." ಕೊನೆಗೆ, "ದಯವಿಟ್ಟು ಕಳಿಸ್ಕೊಡಿ," ಅಂದ್ರು.

ಅಪರಿಚಿತರ ಹತ್ರ ಮಾತಾಡಿದಂಗೆ ತಂಗಿ ಹತ್ರ ದಯವಿಟ್ಟು ಅಂತಿದ್ದಾರೆ! ಅಕ್ಕ "ಹೂಂ" ಅಂದ್ಳು. ಪಿಜ್ಜಾ ಮಾಡಿದ್ಳು, ಅಂಚಿಗೆ ಬೆಣ್ಣೆ ಸವರಿದ್ಳು. ಆಮೇಲೆ ಕೈ ತೊಳ್ಕೊಂಡು, ತಲೆ ಸರಿ ಮಾಡ್ಕೊಂಡು, ಡಬ್ಬೀನ ತೊಡೆ ಮೇಲಿಟ್ಕೊಂಡು ನನ್ನ ಆಟೋದಲ್ಲಿ ಕೂತ್ಳು.

"ಎಲ್ಲಿಗಕ್ಕಾ?"

"ಡೆಲಿವರಿಗೆ. ಹೊಸಿಲು ದಾಟಲ್ಲ. ನಡಿ."

ವಕ್ಕಲೇರಿ ಹತ್ರ ಬರ್ತಿದ್ದಂಗೆ ಅಕ್ಕ ಆಟೋದಿಂದ ತಲೆ ಹೊರಗೆ ಹಾಕಿ, ಇದು ನಮ್ಮ ಸ್ಕೂಲು, ಇದು ನಮ್ಮ ಹುಣಸೆ ಮರ, ಅಯ್ಯೋ ಈ ಬಾವಿ ಮುಚ್ಚಿಬಿಟ್ಟಿದಾರೆ ಅಂತ ಶುರು ಮಾಡಿದ್ಳು. ಮನೆ ಮುಂದೆ ನಿಲ್ಸಿದಾಗ ಡಬ್ಬಿ ಹಿಡ್ಕೊಂಡು ಇಳಿದ್ಳು.

ಚನ್ನರಾಯಪ್ಪನೋರು ನಾನೊಬ್ಬನೇ ಬಂದೆ ಅಂದ್ಕೊಂಡು ದುಡ್ಡು ಹಿಡ್ಕೊಂಡೇ ಹೊರಗೆ ಬಂದ್ರು. ಮೆಟ್ಟಿಲ ಕೆಳಗೆ ತಂಗಿ ನಿಂತಿದ್ದಾಳೆ. ಅವರಿಗೆ ಮೀಸೆಯೆಲ್ಲ ಬೆಳ್ಳಗಾಗಿತ್ತು, ಇವಳಿಗೆ ಮುಂದಲೆ.

"ಪಿಜ್ಜಾ," ಅಂತ ಅಕ್ಕ ಡಬ್ಬಿ ಮುಂದಕ್ಕೆ ಹಿಡಿದ್ಳು.

ಅವರು ದುಡ್ಡು ಚಾಚಿದ್ರು.

"ದುಡ್ಡು ಬೇಡ ಅಣ್ಣಾ."

"ತಗೋ ಲಕ್ಷ್ಮಿ."

"ನನ್ನ ತಾಯಿಗೆ ತಂದಿರೋದು. ಬೇಡ ಅಂದ್ನಲ್ಲ."

"ತಗೊಳ್ಳೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ!" ಅಂದ್ರು ಚನ್ನರಾಯಪ್ಪನೋರು. "ನೀನು ದುಡ್ಡು ತಗೊಂಡ್ರೆ ಇದು ಅಂಗಡಿದು. ತಗೊಳ್ಳಲಿಲ್ಲ ಅಂದ್ರೆ ನೀನು ಕೊಟ್ಟಿದ್ದಾಗುತ್ತೆ. ಆಮೇಲೆ ಅಮ್ಮ ಹೆಂಗೆ ತಿಂತಾಳೆ? ನಾನು ಹೆಂಗೆ ತಿನ್ಲಿ?"

ಅಕ್ಕ ಕಣ್ಣು ಬಿಟ್ಕೊಂಡು ನೋಡಿದ್ಳು. "ನೀನೂ ತಿಂತೀಯಾ?"

"ಅರ್ಧ ನಂದೇ," ಅಂದ್ರು. ಕಣ್ಣಲ್ಲಿ ನೀರು ಬಳಬಳ ಸುರೀತಿತ್ತು, ಒರೆಸ್ಕೊಳ್ಳಲಿಲ್ಲ.

ಥೂ, ನನ್ನ ಬಾಯಿಗಿಷ್ಟು. ಈ ಮನುಷ್ಯನಿಗಾ ನಾನು ಹಬ್ಬದ ದಿನ ಕಲ್ಲು ಅಂದಿದ್ದು? ಅಕ್ಕ ಕೈ ಚಾಚಿ ದುಡ್ಡು ತಗೊಂಡ್ಳು. ಅವರು ಡಬ್ಬಿ ತಗೊಂಡು ಎದೆಗೆ ಒತ್ಕೊಂಡ್ರು.

ಅಷ್ಟರಲ್ಲಿ ಒಳಗಿಂದ ಅಜ್ಜಿ ದನಿ. "ಯಾರೋ ಅದು ಬಂದಿರೋದು?"

ಚನ್ನರಾಯಪ್ಪನೋರು ಒಳಕ್ಕೆ ತಿರುಗಿ ಜೋರಾಗಿ, "ಪಿಜ್ಜಾದೋರು ಅಮ್ಮಾ" ಅಂದ್ರು.

"ಬಿಸಿಲಲ್ಲಿ ಯಾಕೋ ನಿಲ್ಲಿಸಿದೀಯ? ಒಳಗೆ ಕರಿ. ಒಂದು ಲೋಟ ನೀರಾದ್ರೂ ಕೊಡೋ ಪಾಪ."

ಅಕ್ಕ ಸೆರಗು ಬಾಯಿಗೆ ತುರುಕ್ಕೊಂಡ್ಳು. ಕೂಗಿದ್ರೆ ಆ ಅರ್ಧ ಕಿವಿಯಲ್ಲೂ ಮಗಳ ದನಿ ಗೊತ್ತಾಗುತ್ತೆ. ಅಣ್ಣ ಹೊಸಿಲು ನೋಡ್ತಾ ನಿಂತುಬಿಟ್ರು. ಒಳಗಿಂದ ಅಜ್ಜಿ ಮತ್ತೆ, "ಕರಿಯೋ" ಅಂದ್ರು. ಯಾರಾದ್ರೂ ಏನಾದ್ರೂ ಹೇಳ್ಬೇಕಲ್ಲ, ನಾನೇ ಕೂಗಿದೆ.

"ಬೇಡಜ್ಜೀ! ಇನ್ನೊಂದು ಡೆಲಿವರಿ ಇದೆ, ಲೇಟಾಗುತ್ತೆ!"

"ಸರಿಯಪ್ಪಾ," ಅಂದ್ರು ಅಜ್ಜಿ. "ಮುಂದಿನ ಸಲ ಒಳಗೆ ಬಂದು ಕೂತ್ಕೊಂಡು ಹೋಗ್ಬೇಕು."

ಅಕ್ಕನ್ನ ಕೂರಿಸ್ಕೊಂಡು ನಾನು ಆಟೋ ತಿರುಗಿಸ್ದೆ. ಅವತ್ತು ನಮಗೆ ಬೇರೆ ಯಾವ ಡೆಲಿವರಿನೂ ಇರಲಿಲ್ಲ.