ಕೆರಿ ಜೊಂಡಿನ ನೀರುಕೋಳಿ

ಶುಗರ್ ಬಂದೈತಿ, ದಿನಾ ನಡೀರಿ ಅಂದ್ರು ಡಾಕ್ಟ್ರು. ಅದಕ್ಕ ನಾ ಸಿಂಧನೂರಿನ ಕೆರಿ ಪಾರ್ಕಿಗೆ ಹೋಗಾಕತ್ತಿದ್ದು, ಹಕ್ಕಿ ನೋಡಾಕಂತ ಅಲ್ಲ. ಆದ್ರ ಮೂರು ಸುತ್ತು ಹಾಕಿ ಕಟ್ಟಿ ಮ್ಯಾಲ ಕುಂತ್ರ ಎದುರಿಗೆ ನೀರಾಗಿನ ಜೊಂಡು, ಜೊಂಡಿನಾಗ ನೀಲಿ ನೀರುಕೋಳಿ. ಕೆಂಪು ಮೂಗು, ಉದ್ದನ ಕಾಲು, ಹೆಜ್ಜಿಗೊಮ್ಮೆ ಬಾಲ ಎತ್ತಿ ಬೆಳ್ಳನ ಕುಂಡಿ ತೋರ್ಸೋ ಧಿಮಾಕು ಬ್ಯಾರೆ! ನನಗ ಹುಚ್ಚ ಹಿಡೀತು. ಒಂದು ಜೋಡಿ ಮರಿ ಮಾಡಿತ್ತು. ಮರಿ ಎಲ್ಲಾ ಅದಾವಿಲ್ಲೋ ನೋಡಿದ ಮ್ಯಾಲೇ ಮನಿಗೆ ಬರ್ತಿದ್ದೆ.

ಮನ್ಯಾಗ ಹೇಳಿದ್ರ ಯಾರಿಗೆ ಬೇಕು? ನಮ್ಮ ಮನಿಯವರು ಟಿವಿಯಿಂದ ಕಣ್ಣು ತೆಗೀದ, "ಮೊದ್ಲು ಚಾ ಕೊಡು, ಆಮ್ಯಾಲ ನಿನ್ನ ಕೋಳಿ ಕತಿ" ಅಂತಿದ್ರು. ಬಳಗಾನೂರಿಗೆ ಕೊಟ್ಟ ಮಗಳು "ಹೂಂ ಅವ್ವಾ, ಹೂಂ" ಅಂತ ಫೋನ್ ಇಟ್ಟುಬಿಡಾಕಿ.

ಕೇಳಿದಾವ ಒಬ್ಬನ, ಅಳಿಯ. ಭತ್ತದ ಗದ್ದಿ ಮಾಡೋ ಮನಶ್ಯಾ. ಮಗಳನ್ನ ತವರಿಗೆ ಬಿಡಾಕ ಬಂದಾವ ಮುಂಜಾನೆ ನನ್ನ ಕೂಡ ಪಾರ್ಕಿಗೆ ಬಂದು ಒಂದು ತಾಸು ಕುಂತ. "ಎಲ್ಲಿ ಮಲಗ್ತಾವ್ರೀ ಅತ್ತಿ? ಯಾವಾಗ ಹೊರಗ ಬರ್ತಾವು? ಮಂದಿಗೆ ಅಂಜ್ತಾವೇನು?" ಎಲ್ಲಾ ಕೇಳಿದ. ನಾನೂ ಬಾಯಿ ತುಂಬ ಹೇಳಿದೆ, ಗೂಡು ಬೆರಳು ಮಾಡಿ ತೋರ್ಸಿದೆ. ಅಳಿಯ ಅಂದ್ರ ಹಿಂಗಿರಬೇಕು ಅಂತ ಓಣಿ ತುಂಬ ಡಂಗುರ ಹೊಡದೆ. ನನ್ನ ಬಾಯಾಗ ಮಣ್ಣು ಬೀಳ್ಲಿ!

ಮುಂದ ಒಂದಿನ ಬೀಗರು ಊಟಕ್ಕ ಕರದ್ರು. ಹೊರಡೋ ದಿನ ಮುಂಜಾನೆ ಜೊಂಡಿನಾಗ ಒಂದೂ ಹಕ್ಕಿ ಕಾಣಲಿಲ್ಲ. ಒಳಗ ಹೊಕ್ಕೊಂಡಿರಬೇಕು ಅನಕೊಂಡು ಬಸ್ ಹತ್ತಿದೆ.

ನಮ್ಮ ಕಡೆ ಬೀಗರ ಮನ್ಯಾಗ ತಾಟಿನಾಗ ಬಡಿಸಿದ್ದು ಬಿಟ್ಟು ಏಳಂಗಿಲ್ಲ. ಬಿಟ್ರ ಹೆಣ್ಣು ಕೊಟ್ಟವ್ರಿಗೆ ಸೊಕ್ಕು ಅಂತಾರ, ಆ ಮಾತು ಕೇಳೋ ಪಾಳಿ ಮಗಳಿಗೆ ಬರ್ತೈತಿ. ರೊಟ್ಟಿ ಇತ್ತು, ಖಾರದ ಸಾರು ಇತ್ತು. ಎರಡು ತುಂಡು ತಿಂದೆ. "ಭಾಳ ರುಚಿ ಆಗೈತ್ರೀ, ಜವಾರಿ ಕೋಳಿ ಏನು?" ಅಂದೆ.

ಅಳಿಯ ನಕ್ಕ. "ಜವಾರಿ ಎಲ್ಲೀದ್ರೀ ಅತ್ತಿ! ನೀವು ತೋರ್ಸಿದ್ದ ನೀರುಕೋಳಿರೀ ಇವು. ದಿನಾ ಹೋಗಿ ಆಸೀಲೆ ನೋಡ್ತೀರಿ, ಹಿಡದುಕೊಡೋರು ಯಾರೂ ಇಲ್ಲ, ಪಾಪ ಅನ್ನಿಸ್ತು. ನಿನ್ನಿ ಸಂಜಿಮುಂದ ಜೊಂಡಿಗೆ ಬಲೆ ಹಾಕಿ ಹಿಡದು ತಂದೆ."

ಭತ್ತದ ನಾಡಿನಾಗ ನೀರುಕೋಳಿನ್ನ ತಿನ್ನಾಕಲ್ಲದ ಇನ್ಯಾತಕ್ಕ ನೋಡ್ತಾರ? ಅಂವಗ ಹಂಗ ತಿಳದೈತಿ. ಬಾಯಿಗೆ ಬಂದಂಗ ಬೈಬೇಕಂತ ತಲಿ ಎತ್ತಿದೆ. ಅವನ ಮುಖದಾಗ ಕಪಟ ಇರಲಿಲ್ಲ, ಪ್ರೀತಿ ಇತ್ತು. ಅದಕ್ಕ ಇನ್ನೂ ಸಿಟ್ಟು ಬಂತು. ಅವನ ಹಿಂದ ಮಗಳು ಸೌಟು ಹಿಡಕೊಂಡು ನಿಂತಿದ್ಲು. ಆಕಿಗೆ ನನ್ನ ಮುಖ ನೋಡಿದ್ದ ತಿಳೀತು. ಬ್ಯಾಡವ್ವಾ, ಏನೂ ಅನಬ್ಯಾಡ ಅಂತ ಕಣ್ಣಾಗ ಬೇಡಿಕೊಂಡ್ಲು.

"ಮರಿ ಭಾಳ ಮೆತ್ತಗದಾವ್ರೀ, ಇನ್ನೊಂದು ಹಾಕಿಸ್ಕೊರಿ" ಅಂದ್ಲು ಬೀಗತಿ.

ನಾ ತಾಟು ಮುಂದ ಹಿಡದೆ. "ಹಾಕವಾ" ಅಂದೆ ಮಗಳಿಗೆ.