ಅಲುಗದ ತಲೆ

“ಅದೆಲ್ಲ ನಿನ್ನಿಂದ ಆಗ್ಲಿಕ್ಕಿಲ್ಲ. ನೀನು ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟು” ಎಂದವಳು ನನ್ನ ಅತ್ತಿಗೆ. ನನ್ನ ಮಗಳ ಮದುವೆಯ ಮೆಹಂದಿಗೆ ಮನೆಯ ಹೆಂಗಸರೆಲ್ಲ ಹಿಪ್ ಹಾಪ್ ಕುಣಿಯುವುದೆಂದು ತೀರ್ಮಾನವಾಗಿತ್ತು. ಕಲಿಸಲು ಮಣಿಪಾಲದಿಂದ ಕಾಪುವಿನ ನಮ್ಮ ಮನೆಗೆ ಒಬ್ಬ ಹುಡುಗಿ ಬರುತ್ತಿದ್ದಳು. ಮೂರನೆಯ ದಿನ ಅವಳು ಖಂಡಿತವಾಗಿ ಹೇಳಿದಳು, ಇವತ್ತು ಹೆಜ್ಜೆ ಬಾರದವರು ಸಾಲಿನಲ್ಲಿ ಇರುವುದಿಲ್ಲ.

ಹೆಜ್ಜೆ ಕೇಳಲಿಕ್ಕೆ ಸುಲಭ. ಒಂದು ಮಂಡಿ ಎತ್ತಿ ಇಳಿಸುವಾಗ ಇನ್ನೊಂದು ಪಾದವನ್ನು ಹಿಂದಕ್ಕೆ ಜಾರಿಸಬೇಕು. ನೋಡುವವರಿಗೆ ನಿಂತಲ್ಲೇ ಓಡಿದ ಹಾಗೆ ಕಾಣಬೇಕು. ನನ್ನ ಕಾಲು ಜಾರಿತು, ಮೈ ಮಾತ್ರ ನೆಟ್ಟಗೆ ನಿಂತಿತು.

“ಆಂಟಿ, ನಿಮ್ಮ ತಲೆ ಎಂತ ಅಲುಗುವುದೇ ಇಲ್ಲ?” ಎಂದಳು ಹುಡುಗಿ.

“ಇಪ್ಪತ್ತು ವರ್ಷ ಮೀನಿನ ಬುಟ್ಟಿ ಹೊತ್ತದ್ದು. ಅಲುಗಿದರೆ ಐಸಿನ ನೀರು ಕುತ್ತಿಗೆಗೆ ಇಳಿಯುತ್ತದೆ.”

ಅತ್ತಿಗೆ ನಕ್ಕಳು. ಮಗಳು ಮೆಲ್ಲಗೆ, “ಬಿಡು ಅಮ್ಮ, ಪರವಾಗಿಲ್ಲ” ಎಂದಳು. ಮಗಳೂ ಆಸೆ ಬಿಟ್ಟಳಲ್ಲ ಎಂದು ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಹುಡುಗಿ ನಗಲಿಲ್ಲ. ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟು, “ಪ್ರತಿ ಹೆಜ್ಜೆಗೂ ಈ ಕೈಯನ್ನು ತಲೆಯಿಂದ ಮೇಲಕ್ಕೆ ತಳ್ಳಿ” ಎಂದಳು.

“ಇನ್ನೊಮ್ಮೆ ತೋರಿಸಿ, ಟೀಚರ್” ಎಂದೆ.

ತಳ್ಳಿದೆ. ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ಬಡಿಯಿತು. ಮತ್ತೆ ತಳ್ಳಿದೆ. ಎಷ್ಟನೆಯ ಸಲವೋ, ಮಂಡಿ ತಾನಾಗಿ ಪುಟಿಯಿತು, ಅವಳ ಕೈ ಮೇಲಕ್ಕೆ ಹಾರಿತು.

“ನೀವು ಎರಡನೇ ಸಾಲು” ಎಂದಳು.

ಈಗ ನನ್ನದೇ ಒಂದು ಹೆಜ್ಜೆ ಉಂಟು. ಅದಕ್ಕೆ ಕೊಟ್ಟದ್ದು ಹೆಬ್ಬೆರಳಿನ ಉಗುರು, ಮತ್ತೆ ಮಗಳಿಗಿಂತ ಚಿಕ್ಕವಳನ್ನು ಎಲ್ಲರೆದುರು ಟೀಚರ್ ಎಂದು ಕರೆಯುವಾಗ ಕಳೆದುಕೊಂಡ ಸ್ವಲ್ಪ ಜಂಬ. ಉಗುರು ಮತ್ತೆ ಬರುತ್ತಾ ಉಂಟು.