ಅಡುಗೆಯವಳಿಗೆ ಕೈ ಎತ್ತುವ ಶುಕ್ರವಾರ

ಉಣ್ಣೆ ಕತ್ತರಿಸುವವರು ಎರಡು ಕಾರಣಕ್ಕೆ ಮಷಿನ್ ನಿಲ್ಲಿಸುತ್ತಾರೆ. ಕುರಿ ಒದ್ದೆಯಾಗಿದ್ದರೆ, ಇಲ್ಲವೇ ಊಟ ಕೆಟ್ಟಿದ್ದರೆ. ಎರಡನ್ನೂ ಕೈ ಎತ್ತಿ ತೀರ್ಮಾನಿಸುತ್ತಾರೆ. ಕುರಿ ಒದ್ದೆ ಅಂತ ಹೆಚ್ಚು ಕೈ ಎದ್ದರೆ ಕುರಿ ಹೊರಗೆ. ಅಡುಗೆ ಬೇಡ ಅಂತ ಎದ್ದರೆ ಅಡುಗೆಯವಳು ಹೊರಗೆ.

ಗ್ಲೆನಿಸ್ ಹಾಕಿಂಗ್‌ಗೆ ಇದು ಮದುವೆಗಿಂತ ಮೊದಲೇ ಗೊತ್ತಾದ ವಿಷಯ. ಹುಡುಗಿಯಾಗಿದ್ದಾಗ ಚಿಕ್ಕಮ್ಮನ ಜೊತೆ ಡಾರ್ಲಿಂಗ್ ನದಿಯ ದಂಡೆಯ ಉಣ್ಣೆ ಕತ್ತರಿಸುವ ಶೆಡ್ಡಿಗೆ ಆಲೂಗಡ್ಡೆ ಸುಲಿಯಲು ಹೋಗಿದ್ದಳು. ಆಮೇಲೆ ಬರ್ಕ್‌ನಿಂದ ಕೋಬಾರ್‌ವರೆಗೆ ಅವಳು ಒಲೆ ಹಚ್ಚದ ಶೆಡ್ಡೇ ಇಲ್ಲ. ಉಣ್ಣೆಯ ಮೂಟೆ ಕಟ್ಟುತ್ತಿದ್ದ ಗಂಡ ಒಂದು ದಿನ ಟಪಾಲು ಲಾರಿ ಹತ್ತಿ ಹೊರಟುಹೋದ. ಬೆಳಗಿನ ತಿಂಡಿಯಲ್ಲಿ ಒಂದು ಲೋಟ ಚಹಾ ಉಳಿದಾಗಲೇ ಅವಳಿಗೆ ತಿಳಿದದ್ದು. ಅದನ್ನು ನೆನೆದು ಅತ್ತದ್ದು ಕಡಿಮೆ, ಹೇಳಿ ನಗಿಸಿದ್ದು ಹೆಚ್ಚು.

ಈ ಚಳಿಗಾಲಕ್ಕೆ ಮೊದಲು ಅವಳು ಡಬ್ಬೋದಲ್ಲಿ ಮಗಳು ಲಿಯಾನ್ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಒಮ್ಮೆ ಒಲೆಯ ಮೇಲೆ ನೀರಿಟ್ಟು ಬಟ್ಟೆ ಹರವಲು ಹೋದಳು, ಕೆಟಲ್ ಸುಟ್ಟು ಕರಿಯಾಯಿತು. ಅಷ್ಟೇ. ಅವತ್ತಿನಿಂದ ಲಿಯಾನ್ ತಾಯಿಯ ಜೊತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದಳು. ಬೀರುಗಳ ಮೇಲೆ ಸಕ್ಕರೆ, ಚಹಾ, ಬಟ್ಟಲು ಎಂದು ಚೀಟಿ ಅಂಟಿಸಿದಳು. "ಅಮ್ಮಾ, ದುಡಿದಿದ್ದು ಸಾಕು. ನಿಂಗೆ ಮರೆವು ಬರ್ತಾ ಇದೆ," ಎಂದಳು. ಕಂಟ್ರಾಕ್ಟರ್ ಡೆಸ್ ಫೋನ್ ಮಾಡಿ ಅಡುಗೆಯವಳು ಬೇಕು ಎಂದಾಗ ಗ್ಲೆನಿಸ್ ಚಾಕುಗಳನ್ನು ಚೀಲಕ್ಕೆ ತುರುಕಿ ಹೊರಟೇಬಿಟ್ಟಳು. ಹೆದರಿಕೆಯೂ ಬಸ್ಸು ಹತ್ತಿ ಜೊತೆಗೇ ಬಂತು. ಈ ಶೆಡ್ಡು ತನ್ನನ್ನು ಕಳಿಸಿದರೆ ಉಳಿಯುವುದು ಆ ಹಿಂದಿನ ಕೋಣೆ ಮಾತ್ರ, ಅದೂ ಕೊನೆಯವರೆಗೆ.

ಯಾರಾಂಡೂಲ್ ಶೆಡ್ಡಿನ ಊಟದ ಮನೆಯಲ್ಲಿ ಟಿವಿ ಸುಟ್ಟುಹೋಗಿತ್ತು. ಗ್ಲೆನಿಸ್ ದಾರಿಯಲ್ಲಿ ನಿಂಗನ್ ಊರಿನ ಹಳೇ ಸಾಮಾನಿನ ಅಂಗಡಿಯಿಂದ ಒಂದು ಕಾದಂಬರಿ ತಂದಿದ್ದಳು. ರಟ್ಟು ಹರಿದಿತ್ತು, ಹೆಸರೇ ಇರಲಿಲ್ಲ. ಅದು ಹೇಮಿಯ ಕೈಗೆ ಸಿಕ್ಕಿತು. ನ್ಯೂಜಿಲೆಂಡಿನಿಂದ ಬಂದವನು, ಚರ್ಚಿನಲ್ಲಿ ಹಾಡಿ ಪಳಗಿದ ಗಂಟಲು. ಊಟವಾದ ಮೇಲೆ ದಿನಕ್ಕೊಂದು ಅಧ್ಯಾಯ ಜೋರಾಗಿ ಓದತೊಡಗಿದ.

ಕಥೆಯಲ್ಲಿ ಸೀಲಿಯಾ ಎಂಬ ಹೆಂಡತಿ, ರೂಪರ್ಟ್ ಎಂಬ ಬೆಣ್ಣೆ ಮಾತಿನ ಗಂಡ. ಅವಳು ಇಟ್ಟದ್ದನ್ನು ಅವನು ಗುಟ್ಟಾಗಿ ಬೇರೆಡೆ ಇಡುತ್ತಾನೆ, ಆಮೇಲೆ "ಮರೆತೆಯಾ ಚಿನ್ನಾ?" ಎನ್ನುತ್ತಾನೆ. ಕೊನೆಗೆ ಅವಳಿಗೇ ಅನುಮಾನ ಶುರುವಾಗುತ್ತದೆ, ತನ್ನ ತಲೆಯ ಮೇಲೆ.

"ಆ ಹೆಂಗಸಿಗೆ ನಿಜವಾಗ್ಲೂ ತಲೆ ಕೆಟ್ಟಿದೆ," ಎಂದ ಕ್ಲಾರಿ ಡನ್ಫಿ. ಶೆಡ್ಡಿನಲ್ಲಿ ಎಲ್ಲರಿಗಿಂತ ಬೇಗ ಕುರಿ ಬೋಳಿಸುವವನು, ಊಟಕ್ಕೆ ಹೆಸರಿಡುವುದರಲ್ಲೂ ಮೊದಲಿಗ. "ಪಾಪದ ಗಂಡಸು, ಎಷ್ಟು ತಾಳ್ಮೆ ನೋಡು."

"ಅಯ್ಯೋ ಮಂಕೇ, ಅವನೇ ಕಣೋ ಕಳ್ಳ!" ಎಂದ ಹೇಮಿ.

"ನನ್ನ ಮೊದಲ್ನೇ ಗಂಡ ಹೀಗೇ ಇದ್ದ," ಎಂದಳು ಉಣ್ಣೆಯ ದರ್ಜೆ ನೋಡುವ ಮಾರ್ಜ್. "ಓದಪ್ಪಾ ಹೇಮಿ, ನಿಲ್ಲಿಸ್ಬೇಡ. ಇವನು ಹ್ಯಾಗೆ ಸಾಯ್ತಾನೆ ಅಂತ ನೋಡ್ಬೇಕು ನಾನು."

ಮರುದಿನ ಮಷಿನ್ ಸದ್ದಿನ ಮೇಲೂ ಅದೇ ಜಗಳ. ಅರ್ಧ ಬೋಳಾದ ಕುರಿಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡೇ ರೂಪರ್ಟನ ಪರ, ವಿರೋಧ. ಗ್ಲೆನಿಸ್ ರಾತ್ರಿ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಲೇ ಕಥೆ ಕೇಳುತ್ತಿದ್ದಳು. ಸೀಲಿಯಾ ಕೀಲಿಕೈ ಹುಡುಕುವ ಪುಟಗಳಲ್ಲಿ ಅವಳ ಕೈಯ ತಟ್ಟೆ ನೀರೊಳಗೇ ನಿಂತುಬಿಡುತ್ತಿತ್ತು.

ಸೋಮವಾರ ಕ್ಲಾರಿ ತಟ್ಟೆ ದೂಡಿದ. "ಮತ್ತೆ ಕುಂಬಳಕಾಯಾ? ಡೆಸ್, ಶುಕ್ರವಾರ ಕೈ ಎತ್ಸಪ್ಪ."

ಒಬ್ಬ ಕೇಳಿದರೂ ಎತ್ತಿಸಲೇಬೇಕು. ಡೆಸ್ ಗ್ಲೆನಿಸ್ ಕಡೆ ನೋಡದೆ "ಆಯ್ತು" ಎಂದ.

ಮಾರನೆಯ ದಿನ ಮರದ ಸೌಟು ಹಿಟ್ಟಿನ ಡ್ರಮ್ಮಿನಲ್ಲಿ ಸಿಕ್ಕಿತು. ಊಟಕ್ಕೆ ಬಾರಿಸುವ ಗಂಟೆ ಬ್ರೆಡ್ ಪೆಟ್ಟಿಗೆಯಲ್ಲಿ. ಆ ಸಂಜೆ ಕಸ್ಟರ್ಡ್ ಬಾಯಿಗಿಟ್ಟವರೆಲ್ಲ ಮುಖ ಹಿಂಡಿದರು. ಸಕ್ಕರೆಯ ಬದಲು ಉಪ್ಪು.

"ಮರೆತ್ಯೇನೇ ಗ್ಲೆನಿಸ್," ಎಂದ ಕ್ಲಾರಿ, ಎಂದೂ ಇಲ್ಲದ ಮೆದು ದನಿಯಲ್ಲಿ. "ಆಗುತ್ತೆ ಬಿಡು. ವಯಸ್ಸು."

ಅವಳು ಅಡುಗೆಮನೆಗೆ ಬಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಹೊರಗೆ ಕೆಂಪು ಮಣ್ಣಿನ ಮೇಲೆ ಬೆಳಕು ಇಳಿಯುತ್ತಿತ್ತು, ಬೋಳಿಸಿದ ಕುರಿಗಳು ಚಳಿಗೆ ಒಂದಕ್ಕೊಂದು ಅಂಟಿ ನಿಂತಿದ್ದವು. ಹಾಗಾದರೆ ಲಿಯಾನ್ ಹೇಳಿದ್ದೇ ನಿಜ. ಇನ್ನು ಈ ಡಬ್ಬಿಗಳ ಮೇಲೂ ಚೀಟಿ ಅಂಟಿಸಬೇಕು. ಒಳಗೆ ಹೋಗಿ ಉಪ್ಪಿನ ಡಬ್ಬಿಯನ್ನು ಕೈಗೆತ್ತಿಕೊಂಡಳು.

ಡಬ್ಬಿ ಜಾರಿತು.

ಮೂಸಿ ನೋಡಿದಳು. ಉಣ್ಣೆಯ ಜಿಡ್ಡು. ಅಡುಗೆಮನೆಯಲ್ಲಿ ಕುರಿಯ ಕೊಬ್ಬಿರುತ್ತದೆ. ಜೀವಂತ ಕುರಿಯ ಮೈಯ ಆ ಮೇಣದಂಥ ಜಿಡ್ಡು ಇರುವುದು ಕತ್ತರಿಸುವವರ ಅಂಗೈಯಲ್ಲಿ ಮಾತ್ರ, ಎಷ್ಟು ಸೋಪು ಹಾಕಿದರೂ ಅದು ಬಿಡುವುದಿಲ್ಲ. ಸಕ್ಕರೆ ಡಬ್ಬಿ ಮೂಸಿದಳು, ಸೌಟು ಮೂಸಿದಳು, ಗಂಟೆಯನ್ನೂ ಮೂಸಿದಳು. ಆಮೇಲೆ ಒಬ್ಬಳೇ, ಹೊಟ್ಟೆ ಹಿಡಿದುಕೊಂಡು ನಕ್ಕಳು. ತಿಂಗಳುಗಳಿಂದ ಯಾರೂ ಅವಳಿಗೆ ಇಷ್ಟು ಒಳ್ಳೆಯ ಸುದ್ದಿ ಕೊಟ್ಟಿರಲಿಲ್ಲ.

ಬೆಳಿಗ್ಗೆ ಹೇಮಿಯ ಕಿವಿ ಅವಳ ಕೈಯಲ್ಲಿತ್ತು. "ಯಾರೋ ಇದು?"

"ಆಂಟೀ, ಬಿಡಿ ಆಂಟೀ! ಕ್ಲಾರಿ ಕಣ್ರೀ. ಪುಸ್ತಕದಲ್ಲಿರೋದು ನಿಜವಾಗ್ಲೂ ನಡೆಯುತ್ತಾ ಅಂತ ನೋಡೋಣ ಅಂದ. ನಾನು ಗಂಟೆ ಒಂದೇ ಮುಟ್ಟಿದ್ದು, ದೇವರಾಣೆ."

"ನಡೆಯುತ್ತಾ ಅಂತ ನಾನೂ ನೋಡ್ತೀನಿ. ನೀನು ಬರೀ ತಲೆ ಆಡಿಸ್ತಾ ಇರು."

ಮಧ್ಯಾಹ್ನ ಎಲ್ಲರಿಗೂ ಹುರಿದ ಮಾಂಸ, ಆಲೂಗಡ್ಡೆ. ಕ್ಲಾರಿಯ ಮುಂದೆ ಕುಂಬಳಕಾಯಿಯ ಗುಡ್ಡ.

"ಏನೇ ಇದು?"

"ನೀನೇ ಕೇಳಿದ್ದಲ್ಲ, ನಿನ್ನೆ. ನಿಮ್ಮಮ್ಮ ಮಾಡ್ತಿದ್ದ ಹಾಗೇ ಇದೆ, ದಿನಾ ಕೊಡು ಅಂದೆ. ಕಣ್ಣಲ್ಲಿ ನೀರು ಬೇರೆ."

"ನಾನಾ? ಅತ್ನಾ?"

ಹೇಮಿ ತಲೆ ಆಡಿಸಿದ. ಯಾರೂ ಹೇಳಿಕೊಡದಿದ್ದರೂ ಮಾರ್ಜ್ ಮಾಂಸ ಕತ್ತರಿಸುತ್ತಲೇ, "ಕರವಸ್ತ್ರ ಕೊಟ್ಟೋಳು ನಾನು. ಇನ್ನೂ ವಾಪಸ್ ಕೊಟ್ಟಿಲ್ಲ ನೀನು," ಎಂದಳು.

ಗುರುವಾರದ ಹೊತ್ತಿಗೆ ಕ್ಲಾರಿ ಕುಂಬಳವನ್ನೇ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದ. "ನಮ್ಮಮ್ಮನ ಕೈಯಡುಗೆ ಹೀಗೇ ಇತ್ತು ಕಣಯ್ಯಾ," ಎಂದು ಡೆಸ್‌ಗೆ ಹೇಳಿದ.

"ನಿಮ್ಮಮ್ಮ ಒಲೆ ಹತ್ರಾನೇ ಹೋಗ್ತಿರಲಿಲ್ಲ, ರೈಲ್ವೆ ಕ್ಯಾಂಟೀನಿಂದ ತರಿಸ್ತಿದ್ಲು ಅಂತ ನೀನೇ ಅಂದಿದ್ದೆಯಲ್ಲ?"

ಕ್ಲಾರಿ ಚಮಚದಲ್ಲಿದ್ದ ಕುಂಬಳವನ್ನು ತಿರುಗಿಸಿ ತಿರುಗಿಸಿ ನೋಡಿ ಬಾಯಿಗಿಟ್ಟ. ಆ ಸಂಜೆ ಅವನು ಮೊದಲ ಬಾರಿಗೆ ಸೀಲಿಯಾಳ ಪರ ಮಾತಾಡಿದ.

ಶುಕ್ರವಾರದ ಕೊನೆಯ ಕುರಿ ಹೊರಬಿದ್ದ ಮೇಲೆ ಡೆಸ್ ಎಲ್ಲರನ್ನೂ ಊಟದ ಮನೆಯಲ್ಲಿ ಕೂರಿಸಿದ. "ಅಡುಗೆಯವರು ಬೇಡ ಅನ್ನೋರು ಕೈ ಎತ್ತಿ."

ಕ್ಲಾರಿಯ ಕೈ ಅರ್ಧ ಎದ್ದು ನಿಂತಿತು, ತನ್ನದೋ ಬೇರೆಯವರದೋ ತಿಳಿಯದ ಹಾಗೆ. ಉಳಿದವರು ಗ್ಲೆನಿಸ್ ಕಡೆ ತಿರುಗಿದರು. ಅವಳ ನಾಲಗೆಯ ತುದಿಯಲ್ಲಿ ಮಾತು ಸಿದ್ಧವಾಗಿತ್ತು: ಅಡುಗೆಯವಳು ಇರಲಿ ಅಂತ ಮಧ್ಯಾಹ್ನವೇ ಅಂದೆಯಲ್ಲ, ಕ್ಲಾರಿ. ಅಷ್ಟು ಸಾಕಿತ್ತು. ಆದರೆ ಹಾಗೆ ಸುಳ್ಳು ನಂಬಿಸಿ ಉಳಿದುಕೊಂಡರೆ, ತಾನು ಒಳ್ಳೆಯ ಅಡುಗೆಯವಳು ಹೌದೋ ಅಲ್ಲವೋ ಎಂಬುದು ತನಗೇ ತಿಳಿಯದೆ ಹೋಗುತ್ತಿತ್ತು.

"ಉಪ್ಪು ಬದಲಾಯಿಸಿದ್ದು ನೀನು. ಕುಂಬಳ ನಂದು," ಎಂದಳು. "ಈಗ ನಿನ್ನ ಸ್ವಂತ ತಲೆಯಿಂದ ಎತ್ತು."

ಕ್ಲಾರಿ ಕೆಂಪಾದ. "ಹಾಗಾದ್ರೆ ನಾನು ಕೇಳ್ಲೇ ಇಲ್ವಾ?"

"ಇಲ್ಲ."

"ಅತ್ತಿದ್ದು?"

"ಅದೂ ಇಲ್ಲ ಮಾರಾಯ."

"ಥೂ, ಹಾಳಾದ ಕುಂಬಳ!" ಕೈ ಪೂರ್ತಿ ನೆಟ್ಟಗಾಯಿತು. ಸುತ್ತ ನೋಡಿದ. ಬೇರೆ ಯಾವ ಕೈಯೂ ಇರಲಿಲ್ಲ. ಮಾರ್ಜ್ ಎರಡೂ ಕೈಗಳ ಮೇಲೆ ಕೂತಿದ್ದಳು. ಕ್ಲಾರಿ ಎತ್ತಿದ ಕೈಯಿಂದಲೇ ತಲೆ ಕೆರೆದುಕೊಂಡು ನಿಧಾನ ಇಳಿಸಿದ. "ಇರ್ಲಿ ಬಿಡು. ಆಲೂಗಡ್ಡೆ ಮಾಡು."

ಡೆಸ್ ಅಲ್ಲೇ ಮುಂದಿನ ಶೆಡ್ಡಿಗೂ ಬರ್ತೀರಾ ಎಂದು ಕೇಳಿದ. ನೋಡೋಣ ಎಂದಳು, ನೋಡುವುದೇನೂ ಇಲ್ಲದಿದ್ದರೂ.

ಭಾನುವಾರ ನೀರಿನ ಟ್ಯಾಂಕಿನ ಏಣಿ ಹತ್ತಿ, ಸಿಗ್ನಲ್ ಸಿಗುವ ಮೆಟ್ಟಿಲಲ್ಲಿ ನಿಂತು ಮಗಳಿಗೆ ಫೋನ್ ಮಾಡಿ, ಮುಂದಿನ ಶೆಡ್ಡಿಗೂ ಹೋಗುತ್ತೇನೆ ಎಂದಳು.

"ಇದೇ ಕೊನೇ ಶೆಡ್ಡು, ಮುಗಿಸಿ ಬಂದ್ಬಿಡ್ತೀನಿ ಅಂತ ಹೇಳಿದ್ದೆ ನೀನು," ಎಂದಳು ಲಿಯಾನ್, ನಿಧಾನವಾಗಿ, ಬಿಡಿಸಿ ಬಿಡಿಸಿ. "ನೆನಪಿಲ್ವಾ ಅಮ್ಮಾ?"

ಗ್ಲೆನಿಸ್ ನಿಜವಾಗಿಯೂ ಹುಡುಕಿದಳು. ಬಸ್ಸಿನ ಬಾಗಿಲಲ್ಲಿ, ಮಗಳ ಅಳು ನಿಲ್ಲಿಸಲು, ಅಂದಿರಬಹುದು. ಅಂದಿರಲಿಕ್ಕೂ ಇಲ್ಲ. ಬಯಲಿನ ಮೇಲೆ ಗಾಳಿ ಬೀಸುತ್ತಿತ್ತು, ಯಾವ ಕಡೆಯ ಸಾಕ್ಷಿಯನ್ನೂ ಹೇಳದೆ.

"ಇಲ್ಲ ಮರೀ," ಎಂದಳು, ಆದಷ್ಟು ಮೆದುವಾಗಿ. "ಇನ್ನೂ ಶುರು ಅಷ್ಟೇ ಅಂದಿದ್ದೆ. ಸರಿಯಾಗಿ ನೆನಪು ಮಾಡ್ಕೋ."

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಹೌದಾ?"

ಪಾಪ ಅನ್ನಿಸಿತು. ಆದರೂ ತಿದ್ದಲಿಲ್ಲ.